ವೋಟರ್ ಐಡಿ ಇದ್ದರೆ ಸಾಕಾ? ಆನ್‌ಲೈನ್‌ನಲ್ಲಿ ಮತದಾರರ ಪಟ್ಟಿಗೆ ಹೆಸರು ಸೇರಿಸುವ ದಾರಿ

2024ರ ಏಪ್ರಿಲ್ 26, ಲೋಕಸಭೆ ಚುನಾವಣೆಯ ದಿನ. ಬೆಳಿಗ್ಗೆ ಒಂಬತ್ತಕ್ಕೇ ಸೆಕೆ ತಡೆಯುವ ಹಾಗಿರಲಿಲ್ಲ. ಸುರತ್ಕಲ್ ಹತ್ತಿರದ ನಮ್ಮ ಬೂತ್‌ನಲ್ಲಿ, ಶಾಲೆಯ ಜಗಲಿಯಲ್ಲಿ, ನನ್ನ ಮುಂದೆ ಪಕ್ಕದ ಮನೆಯ ಅಕ್ಕ ನಿಂತಿದ್ದರು. ವೋಟರ್ ಐಡಿಯನ್ನು ಒಂದು ಚಿಕ್ಕ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ಪರ್ಸ್‌ನೊಳಗೆ ಇಟ್ಟುಕೊಂಡು ಬಂದಿದ್ದರು. ಒಳಗೆ ಹೋದವರು ಐದು ನಿಮಿಷದಲ್ಲಿ ಹೊರಗೆ ಬಂದರು. ಬೆರಳಿನಲ್ಲಿ ಶಾಯಿ ಇರಲಿಲ್ಲ.

"ಕಾರ್ಡ್ ಉಂಟು. ಆದರೆ ಪಟ್ಟಿಯಲ್ಲಿ ಹೆಸರಿಲ್ಲ ಅಂತಾರೆ" ಅಂದರು.

ಆಮೇಲೆ ಮೊಬೈಲ್‌ನಲ್ಲಿ ಹುಡುಕಿದೆವು. ಹೆಸರು ಇತ್ತು, ಆದರೆ ಕಾರ್ಕಳದಲ್ಲಿ. ಎರಡು ವರ್ಷದ ಹಿಂದೆ ಅವರು ಈಚೆ ಮನೆ ಮಾಡಿದಾಗ ಗ್ಯಾಸ್ ಬದಲಾಗಿತ್ತು, ರೇಷನ್ ಕಾರ್ಡ್ ಬದಲಾಗಿತ್ತು, ಮಕ್ಕಳ ಶಾಲೆ ಬದಲಾಗಿತ್ತು. ಮತದಾರರ ಪಟ್ಟಿಯ ವಿಷಯ ಮಾತ್ರ ಯಾರಿಗೂ ನೆನಪಾಗಿರಲಿಲ್ಲ. ಆ ದಿನ ಅವರು ವೋಟು ಹಾಕಲಿಲ್ಲ.

ಈಗ ಈ ವಿಷಯ ಜಾಸ್ತಿ ಮಾತಿಗೆ ಬರುತ್ತಿದೆ. 2025ರಲ್ಲಿ ಬಿಹಾರದಲ್ಲಿ ಮತದಾರರ ಪಟ್ಟಿಯ ವಿಶೇಷ ತೀವ್ರ ಪರಿಷ್ಕರಣೆ, ಅಂದರೆ ಮನೆಮನೆಗೆ ಹೋಗಿ ಇಡೀ ಪಟ್ಟಿಯನ್ನು ಹೊಸದಾಗಿ ಪರಿಶೀಲಿಸುವ ಕೆಲಸ, ನಡೆಯಿತು. ಅದೇ ವರ್ಷದ ಕೊನೆಗೆ ಕೇರಳವೂ ಸೇರಿ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಲ್ಲಿ ಅದು ಶುರುವಾಯಿತು. ಕಾಸರಗೋಡಿನಲ್ಲಿ ನಮ್ಮಲ್ಲಿ ಎಷ್ಟೋ ಜನರ ನೆಂಟರಿದ್ದಾರೆ. ಅಲ್ಲಿ ಮನೆಮನೆಗೆ ಫಾರ್ಮ್ ಬಂದದ್ದು ಕೇಳಿ, "ನಮ್ಮ ಹೆಸರು ಸರಿ ಉಂಟಾ ನೋಡು ಮಾರಾಯ" ಅಂತ ಫೋನ್ ಬರತೊಡಗಿತು. ಅದಕ್ಕೇ ಬುಡದಿಂದ ಬರೆಯುತ್ತಿದ್ದೇನೆ.

## ಕಾರ್ಡ್ ಬೇರೆ, ಪಟ್ಟಿ ಬೇರೆ

ಶಾಲೆಯ ಹಾಜರಿ ಪುಸ್ತಕ ನೆನಪು ಮಾಡಿಕೊಳ್ಳಿ. ಕುತ್ತಿಗೆಯಲ್ಲಿ ಐಡಿ ಕಾರ್ಡ್ ನೇತಾಡುತ್ತಿದ್ದರೂ ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಟೀಚರ್ ಹಾಜರಿ ಹಾಕುವುದಿಲ್ಲ. ಮತಗಟ್ಟೆಯಲ್ಲೂ ಅಷ್ಟೇ. ವೋಟರ್ ಐಡಿ, ಅಂದರೆ ಎಪಿಕ್ ಕಾರ್ಡ್, ನೀವು ಯಾರು ಎಂದು ತೋರಿಸುತ್ತದೆ. ವೋಟು ಹಾಕುವ ಹಕ್ಕು ಸಿಗುವುದು ಆ ಬೂತ್‌ನ ಪಟ್ಟಿಯಲ್ಲಿ ಹೆಸರು ಇದ್ದರೆ ಮಾತ್ರ.

ಇದರ ಉಲ್ಟಾ ಕೂಡ ನಿಜ. ಪಟ್ಟಿಯಲ್ಲಿ ಹೆಸರಿದ್ದು ಕಾರ್ಡ್ ಕಳೆದುಹೋಗಿದ್ದರೆ ಹೆದರಬೇಕಾಗಿಲ್ಲ. ಆಧಾರ್, ಪ್ಯಾನ್, ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್, ಫೋಟೊ ಇರುವ ಬ್ಯಾಂಕ್ ಪಾಸ್‌ಬುಕ್, ಇಂಥವುಗಳಲ್ಲಿ ಒಂದನ್ನು ತೋರಿಸಿ ವೋಟು ಹಾಕಬಹುದು.

ಪ್ರತಿ ವಿಧಾನಸಭಾ ಕ್ಷೇತ್ರದ ಪಟ್ಟಿಯನ್ನು ಭಾಗಗಳಾಗಿ ಹಂಚಿರುತ್ತಾರೆ. ಒಂದು ಮತಗಟ್ಟೆಗೆ ಒಂದು ಭಾಗ. ಅದರೊಳಗೆ ನಿಮಗೊಂದು ಕ್ರಮ ಸಂಖ್ಯೆ. ಚುನಾವಣೆ ದಿನ ಬೂತ್ ಹೊರಗೆ ಮೇಜು ಹಾಕಿ ಕೂತವರು ಚೀಟಿಯಲ್ಲಿ ಬರೆದುಕೊಡುವುದು ಇವೇ ಸಂಖ್ಯೆಗಳನ್ನು.

## ಯಾರು ಸೇರಬಹುದು, ಯಾವಾಗ

ಭಾರತದ ಪ್ರಜೆ ಆಗಿರಬೇಕು, 18 ತುಂಬಿರಬೇಕು, ಆ ಜಾಗದಲ್ಲಿ ವಾಸ ಇರಬೇಕು. ಮೊದಲು 21 ವರ್ಷ ಆಗಬೇಕಿತ್ತು. ಸಂವಿಧಾನದ 61ನೇ ತಿದ್ದುಪಡಿಯಿಂದ 1989ರಲ್ಲಿ ಅದು 18ಕ್ಕೆ ಇಳಿಯಿತು.

ಆದರೆ 18 ಯಾವ ದಿನಕ್ಕೆ ತುಂಬಿರಬೇಕು? ಇಲ್ಲಿ ಜನರಿಗೆ ಗೊಂದಲ. ಮುಂಚೆ ಜನವರಿ 1 ಒಂದೇ ಲೆಕ್ಕ. ಜನವರಿ 2ಕ್ಕೆ 18 ತುಂಬಿದವರು ಇಡೀ ವರ್ಷ ಕಾಯಬೇಕಿತ್ತು. 2021ರಲ್ಲಿ ಕಾನೂನು ತಿದ್ದಿ, ಈಗ ವರ್ಷಕ್ಕೆ ನಾಲ್ಕು ದಿನ ಮಾಡಿದ್ದಾರೆ: ಜನವರಿ 1, ಏಪ್ರಿಲ್ 1, ಜುಲೈ 1, ಅಕ್ಟೋಬರ್ 1. ನಿಮ್ಮ ಮಗಳಿಗೆ ಜೂನ್ 15ಕ್ಕೆ 18 ತುಂಬಿದರೆ ಜುಲೈ 1ರ ಲೆಕ್ಕಕ್ಕೆ ಬರುತ್ತಾಳೆ. 17 ದಾಟಿದ ಮಕ್ಕಳು ಮುಂಚಿತವಾಗಿಯೇ ಅರ್ಜಿ ಹಾಕಿ ಇಡಬಹುದು. ವಯಸ್ಸು ತುಂಬಿದ ಮೇಲೆ, ಮುಂದಿನ ಲೆಕ್ಕದ ದಿನಕ್ಕೆ ಅದನ್ನು ಪರಿಗಣಿಸುತ್ತಾರೆ. ಪಿಯುಸಿ ಓದುತ್ತಿರುವ ಮಕ್ಕಳಿರುವ ಮನೆಯವರು ಇದನ್ನು ಈಗಲೇ ಮಾಡಿ ಮುಗಿಸುವುದು ಒಳ್ಳೆಯದು. ಆಮೇಲೆ ಸಿಇಟಿ, ಕಾಲೇಜು, ಹಾಸ್ಟೆಲ್ ಅಂತ ಓಡಾಟ ಶುರುವಾದರೆ ಯಾರಿಗೂ ಪುರುಸೊತ್ತು ಇರುವುದಿಲ್ಲ.

## ಊರಿನ ಮನೆಯಾ, ಇರುವ ಮನೆಯಾ?

ನಮ್ಮ ಕರಾವಳಿಯಲ್ಲಿ ಇದೇ ದೊಡ್ಡ ಪ್ರಶ್ನೆ. ಒಬ್ಬರು ಮುಂಬೈಯಲ್ಲಿ ಹೋಟೆಲ್, ಇನ್ನೊಬ್ಬರು ದುಬೈ, ಮತ್ತೊಬ್ಬರು ಬೆಂಗಳೂರು. ಊರಿನಲ್ಲಿ ಕುಟುಂಬದ ಮನೆ ಇದೆ. ಭೂತಕೋಲಕ್ಕೆ, ಮದುವೆಗೆ ಬರುತ್ತಾರೆ. ಹೆಸರು ಎಲ್ಲಿರಬೇಕು?

ಕಾನೂನು ಹೇಳುವುದು, ನೀವು ಸಾಮಾನ್ಯವಾಗಿ ಎಲ್ಲಿ ವಾಸ ಮಾಡುತ್ತೀರೋ ಅಲ್ಲಿ. 1950ರ ಜನಪ್ರತಿನಿಧಿ ಕಾಯ್ದೆಯಲ್ಲಿ ಎರಡು ಮಾತು ಸ್ಪಷ್ಟವಾಗಿವೆ. ಒಂದು, ಬರೀ ಮನೆ ಅಥವಾ ಅದರಲ್ಲಿ ಪಾಲು ಇದೆ ಎಂಬ ಕಾರಣಕ್ಕೆ ಅಲ್ಲಿಯ ನಿವಾಸಿ ಆಗುವುದಿಲ್ಲ. ಎರಡು, ಸ್ವಲ್ಪ ದಿನ ಹೊರಗೆ ಹೋದ ಮಾತ್ರಕ್ಕೆ ನಿವಾಸ ತಪ್ಪುವುದಿಲ್ಲ. ಮಲ್ಪೆಯಿಂದ ಆಳಸಮುದ್ರ ಮೀನುಗಾರಿಕೆಗೆ ಹೋಗಿ ವಾರಗಟ್ಟಲೆ ದೋಣಿಯಲ್ಲೇ ಇರುವವರ ಮನೆ ಮಲ್ಪೆಯಲ್ಲೇ, ಅಲ್ವಾ? ಆದರೆ ಇಪ್ಪತ್ತು ವರ್ಷದಿಂದ ಹೆಂಡತಿ ಮಕ್ಕಳ ಜೊತೆ ಮುಂಬೈಯಲ್ಲಿ ಸಂಸಾರ ಮಾಡಿಕೊಂಡಿರುವವರ ವಾಸ ಅಲ್ಲೇ.

ಎರಡೂ ಕಡೆ ಹೆಸರು ಇಟ್ಟುಕೊಳ್ಳುವ ಹಾಗಿಲ್ಲ. ಅರ್ಜಿಯ ಕೊನೆಯಲ್ಲಿ ಇದರ ಬಗ್ಗೆ ಘೋಷಣೆ ಕೊಡಬೇಕು. ಸುಳ್ಳು ಎಂದು ಗೊತ್ತಿದ್ದೂ ಘೋಷಣೆ ಕೊಟ್ಟರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ, ಅಥವಾ ಎರಡೂ.

ವಿದೇಶದಲ್ಲಿ ಇರುವವರಿಗೆ ಬೇರೆ ದಾರಿ. ಗಲ್ಫ್‌ನಲ್ಲಿ ಕೆಲಸ ಮಾಡುತ್ತಿದ್ದು ಪಾಸ್‌ಪೋರ್ಟ್ ಇನ್ನೂ ಭಾರತದ್ದೇ ಆಗಿದ್ದರೆ ನಮೂನೆ 6ಎ ತುಂಬಬೇಕು. ಪಾಸ್‌ಪೋರ್ಟಿನಲ್ಲಿರುವ ಊರಿನ ವಿಳಾಸದ ಪಟ್ಟಿಯಲ್ಲಿ ಹೆಸರು ಬರುತ್ತದೆ. ಅವರಿಗೆ ಎಪಿಕ್ ಕಾರ್ಡ್ ಕೊಡುವುದಿಲ್ಲ. ಮತದಾನದ ದಿನ ಊರಿಗೆ ಬಂದು ಅಸಲು ಪಾಸ್‌ಪೋರ್ಟ್ ತೋರಿಸಿ ವೋಟು ಹಾಕಬೇಕು. ಬೇರೆ ದೇಶದ ಪೌರತ್ವ ತೆಗೆದುಕೊಂಡಿದ್ದರೆ ಈ ಹಕ್ಕು ಇಲ್ಲ.

ಮಣಿಪಾಲ, ದೇರಳಕಟ್ಟೆ, ಸುರತ್ಕಲ್‌ನ ಹಾಸ್ಟೆಲ್‌ಗಳಲ್ಲಿ ಇರುವ ವಿದ್ಯಾರ್ಥಿಗಳಿಗೆ ಮಾತ್ರ ಆಯ್ಕೆ ಇದೆ. ಊರಿನಲ್ಲಿ ಬೇಕಾದರೆ ಊರಿನಲ್ಲಿ, ಹಾಸ್ಟೆಲ್ ವಿಳಾಸಕ್ಕೆ ಬೇಕಾದರೆ ಇಲ್ಲಿ. ಕೋರ್ಸ್ ಕಡಿಮೆ ಎಂದರೆ ಒಂದು ವರ್ಷದ್ದಾಗಿರಬೇಕು, ಕಾಲೇಜಿನ ಬೋನಫೈಡ್ ಸರ್ಟಿಫಿಕೇಟ್ ಬೇಕು.

## ಯಾವ ಮಂಗಳೂರು?

ಫಾರ್ಮ್ ತೆರೆದ ತಕ್ಷಣ ಕೇಳುವುದು ರಾಜ್ಯ, ಜಿಲ್ಲೆ, ವಿಧಾನಸಭಾ ಕ್ಷೇತ್ರ. ಇಲ್ಲೇ ತುಂಬಾ ಜನ ಎಡವುತ್ತಾರೆ.

ದಕ್ಷಿಣ ಕನ್ನಡದಲ್ಲಿ ಎಂಟು ಕ್ಷೇತ್ರ: ಬೆಳ್ತಂಗಡಿ, ಮೂಡುಬಿದಿರೆ, ಮಂಗಳೂರು ನಗರ ಉತ್ತರ, ಮಂಗಳೂರು ನಗರ ದಕ್ಷಿಣ, ಮಂಗಳೂರು, ಬಂಟ್ವಾಳ, ಪುತ್ತೂರು, ಸುಳ್ಯ. ಪಟ್ಟಿಯಲ್ಲಿ ಮೂರು ಮಂಗಳೂರು ಇವೆ, ಗಮನಿಸಿದಿರಾ? ಕದ್ರಿಯಲ್ಲಿ ಇರುವವರು "ನಾನು ಮಂಗಳೂರಿನವನು" ಎಂದು ಬರೀ ಮಂಗಳೂರು ಒತ್ತಿದರೆ ಅರ್ಜಿ ಉಳ್ಳಾಲದ ಕಡೆಗೆ ಹೋಗುತ್ತದೆ. ಯಾಕೆಂದರೆ 204ನೇ ಸಂಖ್ಯೆಯ 'ಮಂಗಳೂರು' ಎಂದರೆ ಉಳ್ಳಾಲ, ದೇರಳಕಟ್ಟೆ, ಕೊಣಾಜೆ ಭಾಗ. ಕದ್ರಿ 203, ನಗರ ದಕ್ಷಿಣ. ಸುರತ್ಕಲ್ 202, ನಗರ ಉತ್ತರ. ಮೂಲ್ಕಿಯವರು ಮೂಡುಬಿದಿರೆ ಕ್ಷೇತ್ರಕ್ಕೆ ಸೇರಿದವರು.

ಉಡುಪಿ ಜಿಲ್ಲೆಯಲ್ಲಿ ಐದು: ಬೈಂದೂರು, ಕುಂದಾಪುರ, ಉಡುಪಿ, ಕಾಪು, ಕಾರ್ಕಳ. ಲೋಕಸಭೆಗೆ ಬಂದರೆ ಇದರಲ್ಲಿ ನಾಲ್ಕು ಉಡುಪಿ ಚಿಕ್ಕಮಗಳೂರಿಗೆ ಸೇರಿವೆ, ಬೈಂದೂರು ಮಾತ್ರ ಶಿವಮೊಗ್ಗಕ್ಕೆ. ಹೆಸರು ಸೇರಿಸುವಾಗ ಲೋಕಸಭೆಯ ಚಿಂತೆ ಬೇಡ, ವಿಧಾನಸಭಾ ಕ್ಷೇತ್ರ ಸರಿ ಇದ್ದರೆ ಉಳಿದದ್ದು ತಾನಾಗಿ ಸರಿಯಾಗುತ್ತದೆ.

ಗೊತ್ತಾಗದಿದ್ದರೆ ಸುಲಭ ಉಪಾಯ ಇದೆ. ಮನೆಯಲ್ಲೋ ಪಕ್ಕದ ಮನೆಯಲ್ಲೋ ಈಗಾಗಲೇ ಮತದಾರರಾಗಿ ಇರುವವರ ಎಪಿಕ್ ಸಂಖ್ಯೆಯನ್ನು ಚುನಾವಣಾ ಆಯೋಗದ ಜಾಲತಾಣದಲ್ಲಿ ಹಾಕಿ ಹುಡುಕಿ. ಅವರ ಕ್ಷೇತ್ರ, ಭಾಗ ಸಂಖ್ಯೆ, ಬೂತ್ ಎಲ್ಲ ಬರುತ್ತದೆ.

## 6, 7, 8: ಯಾವುದು ಯಾರಿಗೆ

ನಮೂನೆ 6: ಮೊದಲ ಸಲ ಹೆಸರು ಸೇರಿಸುವವರಿಗೆ.

ನಮೂನೆ 7: ಪಟ್ಟಿಯಿಂದ ಹೆಸರು ತೆಗೆಸಲು ಅಥವಾ ಆಕ್ಷೇಪ ಹೇಳಲು. ತೀರಿಹೋದ ಹಿರಿಯರ ಹೆಸರು ತೆಗೆಸಲು ಮನೆಯವರು ತುಂಬುವುದು ಇದನ್ನೇ.

ನಮೂನೆ 8: ಈಗಾಗಲೇ ಪಟ್ಟಿಯಲ್ಲಿ ಇದ್ದು ಮನೆ ಬದಲಾಯಿಸಿದವರಿಗೆ, ಹೆಸರು ಅಥವಾ ಫೋಟೊ ತಿದ್ದಬೇಕಾದವರಿಗೆ, ಕಾರ್ಡ್ ಹಾಳಾದವರಿಗೆ ಅಥವಾ ಕಳೆದವರಿಗೆ, ಅಂಗವೈಕಲ್ಯ ಇದೆಯೆಂದು ದಾಖಲಿಸಲು.

ನಾನು ನೋಡಿದ ಹಾಗೆ ಜಾಸ್ತಿ ತಪ್ಪು ಆಗುವುದು 6 ಮತ್ತು 8ರ ನಡುವೆ. ಮದುವೆಯಾಗಿ ಕುಂದಾಪುರದಿಂದ ಮಂಗಳೂರಿಗೆ ಬಂದ ಸೊಸೆಗೆ "ಇಲ್ಲಿ ಹೊಸದಾಗಿ ಮಾಡಿಸು" ಎಂದು ನಮೂನೆ 6 ತುಂಬಿಸುತ್ತಾರೆ. ಆಗ ಹಳೆಯ ಹೆಸರು ಅಲ್ಲೇ ಉಳಿದು, ಇಲ್ಲಿ ಇನ್ನೊಂದು ಅರ್ಜಿ ಹುಟ್ಟುತ್ತದೆ. ಒಂದೋ ಅರ್ಜಿ ತಿರಸ್ಕಾರ ಆಗುತ್ತದೆ, ಇಲ್ಲವೋ ಎರಡು ಕಡೆ ಹೆಸರಾಗುತ್ತದೆ. ಎರಡೂ ತೊಂದರೆಯೇ. ಇದನ್ನು ಗ್ಯಾಸ್ ಕನೆಕ್ಷನ್ ಟ್ರಾನ್ಸ್‌ಫರ್ ಎಂದು ತಿಳಿಯಿರಿ. ಊರು ಬದಲಾದರೆ ಇದ್ದ ಕನೆಕ್ಷನ್ನನ್ನೇ ವರ್ಗ ಮಾಡಿಸುತ್ತೀರಿ, ಹಳೆಯದನ್ನು ಹಾಗೇ ಬಿಟ್ಟು ಹೊಸದು ತೆಗೆದುಕೊಳ್ಳುವುದಿಲ್ಲ. ನಮೂನೆ 8 ಆ ವರ್ಗಾವಣೆ. ಎಪಿಕ್ ಸಂಖ್ಯೆ ಅದೇ ಉಳಿಯುತ್ತದೆ, ವಿಳಾಸ ಮತ್ತು ಬೂತ್ ಬದಲಾಗುತ್ತದೆ. ಅದೇ ಕ್ಷೇತ್ರದೊಳಗೆ ಬಿಜೈಯಿಂದ ಕದ್ರಿಗೆ ಮನೆ ಬದಲಾಯಿಸಿದರೂ ಇದೇ ಫಾರ್ಮ್.

## ಅಕ್ಕನ ಮಗಳ ಅರ್ಜಿ ತುಂಬಿದ ಸಂಜೆ

ಕಳೆದ ಮಳೆಗಾಲದಲ್ಲಿ ನನ್ನ ಅಕ್ಕನ ಮಗಳ ಅರ್ಜಿಯನ್ನು ಮೊಬೈಲ್‌ನಲ್ಲೇ ತುಂಬಿದೆವು. ಕರೆಂಟ್ ಹೋಗಿ ಬಂದು ಮಾಡುತ್ತಿತ್ತು. ಆದರೂ ಅರ್ಧ ಗಂಟೆಯಲ್ಲಿ ಮುಗಿಯಿತು.

ಚುನಾವಣಾ ಆಯೋಗದ ಜಾಲತಾಣ ವೋಟರ್ಸ್ ಡಾಟ್ ಇಸಿಐ ಡಾಟ್ ಗವ್ ಡಾಟ್ ಇನ್. ಆ್ಯಪ್ ಬೇಕಾದವರಿಗೆ ಆಯೋಗದ್ದೇ ಇಸಿಐನೆಟ್ ಇದೆ. ವಾಟ್ಸಾಪ್‌ನಲ್ಲಿ ಬರುವ ಬೇರೆ ಲಿಂಕ್ ಒತ್ತಬೇಡಿ. ಈ ಕೆಲಸಕ್ಕೆ ಆಯೋಗ ಒಂದು ಪೈಸೆಯೂ ತೆಗೆದುಕೊಳ್ಳುವುದಿಲ್ಲ, ಆದ್ದರಿಂದ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ಮೊಬೈಲ್ ನಂಬರ್ ಕೊಟ್ಟು ಸೈನ್ ಅಪ್ ಆಗಬೇಕು, ಒಟಿಪಿ ಬರುತ್ತದೆ.

ಹೆಸರಿನ ಜಾಗದಲ್ಲಿ ನಿಧಾನ ಮಾಡಿ. ಇಂಗ್ಲಿಷ್‌ನಲ್ಲಿ ಟೈಪ್ ಮಾಡಿದ್ದನ್ನು ಅದು ತಾನೇ ಕನ್ನಡಕ್ಕೆ ತಿರುಗಿಸುತ್ತದೆ, ಆ ತಿರುಗಿಸುವಿಕೆಯನ್ನು ನಂಬಬೇಡಿ. ನಮ್ಮ ಕಡೆಯ ಹೆಸರುಗಳಿಗೆ ಇದು ದೊಡ್ಡ ಕಿರಿಕಿರಿ. ಡಿಸೋಜ, ಲೋಬೊ, ಪಿಂಟೊ ಮುಂತಾದ ಹೆಸರುಗಳು ಗುರುತೇ ಸಿಗದ ಹಾಗೆ ಬರಬಹುದು. ಮೊಹಮ್ಮದ್ ಒಂದು ಕಡೆ, ಮಹಮ್ಮದ್ ಇನ್ನೊಂದು ಕಡೆ ಆಗಬಹುದು. ನಮ್ಮ ಹುಡುಗಿಯ ಹೆಸರಿನಲ್ಲಿ 'ಣ' ಇರುವಲ್ಲಿ 'ನ' ಬಂದಿತ್ತು. ಕನ್ನಡದ ಪೆಟ್ಟಿಗೆಯಲ್ಲಿ ಬೆರಳಿಟ್ಟು, ಅಳಿಸಿ, ಸರಿಯಾಗಿ ಟೈಪ್ ಮಾಡಿದೆವು. ಈಗ ಒಂದು ನಿಮಿಷ ಕೊಟ್ಟರೆ ಆಮೇಲೆ ತಿದ್ದುಪಡಿಗೆ ನಮೂನೆ 8 ತುಂಬುವ ಕೆಲಸ ತಪ್ಪುತ್ತದೆ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಅದಕ್ಕೆ ಕಾರಣ ಮುಂದೆ ಹೇಳುತ್ತೇನೆ.

ಆಮೇಲೆ ಸಂಬಂಧಿಕರ ಹೆಸರು, ಅಂದರೆ ತಂದೆ, ತಾಯಿ, ಗಂಡ ಅಥವಾ ಹೆಂಡತಿ. ಹುಟ್ಟಿದ ದಿನಕ್ಕೆ ಆಧಾರ್, ಜನನ ಪ್ರಮಾಣಪತ್ರ, ಎಸೆಸೆಲ್ಸಿ ಅಥವಾ ಪಿಯುಸಿ ಅಂಕಪಟ್ಟಿ, ಪ್ಯಾನ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್, ಇವುಗಳಲ್ಲಿ ಒಂದು ಸಾಕು. ವಿಳಾಸಕ್ಕೆ ಆಧಾರ್, ಕರೆಂಟ್ ಅಥವಾ ನೀರಿನ ಬಿಲ್, ಪಾಸ್‌ಬುಕ್, ನೋಂದಾಯಿತ ಬಾಡಿಗೆ ಕರಾರು, ಜಮೀನಿನ ದಾಖಲೆ, ಯಾವುದಾದರೂ ಒಂದು. ಕರೆಂಟ್ ಬಿಲ್ ಅಪ್ಪನ ಹೆಸರಿನಲ್ಲಿ ಇದ್ದರೂ ನಡೆಯುತ್ತದೆ. ಫೋಟೊ ಮತ್ತು ದಾಖಲೆಗಳ ಗಾತ್ರ 2 ಎಂಬಿ ಮೀರಬಾರದು. ಅಕ್ಷರ ಓದುವ ಹಾಗಿರಲಿ. ಟ್ಯೂಬ್‌ಲೈಟ್ ಕೆಳಗೆ ಹಿಡಿದು ತೆಗೆದ ಆಧಾರ್ ಫೋಟೊ ಹೊಳೆದು ಜನ್ಮದಿನವೇ ಕಾಣದೆ ನಾವು ಮತ್ತೆ ತೆಗೆಯಬೇಕಾಯಿತು.

ಹಳ್ಳಿ ಕಡೆ ಡೋರ್ ನಂಬರ್ ಯಾರಿಗೂ ಗೊತ್ತಿರುವುದಿಲ್ಲ, ಮನೆ ಹೆಸರೇ ಗುರುತು. ನಂಬರ್ ಇದ್ದರೆ ಹಾಕಿ, ಮನೆ ಹೆಸರನ್ನೂ ಬಿಡಬೇಡಿ. ಪರಿಶೀಲನೆಗೆ ಬರುವವರು ಹುಡುಕುವುದು ಅದನ್ನೇ. ಮನೆಯವರ ಎಪಿಕ್ ಸಂಖ್ಯೆ ಕೇಳುವ ಜಾಗವನ್ನೂ ಖಾಲಿ ಬಿಡಬೇಡಿ. ಅಪ್ಪನ ಸಂಖ್ಯೆ ಹಾಕಿದರೆ ಮಗಳನ್ನು ಅದೇ ಬೂತ್‌ಗೆ ಸೇರಿಸಲು ಅನುಕೂಲ.

ಕೊನೆಗೆ ಎಲ್ಲ ಇನ್ನೊಮ್ಮೆ ಓದಿ ಸಲ್ಲಿಸಿದರೆ ಒಂದು ಉಲ್ಲೇಖ ಸಂಖ್ಯೆ ಬರುತ್ತದೆ. ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಳ್ಳಿ. ಅರ್ಜಿಯ ಸ್ಥಿತಿ ನೋಡಲು ಅದು ಬೇಕು.

## ಆಧಾರ್ ಒಟಿಪಿ ಯಾಕೆ ಬಂತು?

2025ರ ಸೆಪ್ಟೆಂಬರ್‌ನಿಂದ ಆನ್‌ಲೈನ್ ಅರ್ಜಿಗೆ ಇ-ಸೈನ್ ಸೇರಿಸಿದ್ದಾರೆ. ಅರ್ಜಿ ಮುಗಿದ ಮೇಲೆ ಬೇರೊಂದು ಪುಟ ತೆರೆದು ಆಧಾರ್ ಸಂಖ್ಯೆ ಕೇಳುತ್ತದೆ. ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ ಬರುತ್ತದೆ. ಅದನ್ನು ಹಾಕಿದರೆ ನೀವೇ ಸಹಿ ಮಾಡಿದ ಲೆಕ್ಕ.

ಇದರ ಅಗತ್ಯ ಏನು ಎಂದು ಕೇಳುವವರಿಗೆ ನಮ್ಮದೇ ರಾಜ್ಯದ ಉದಾಹರಣೆ ಇದೆ. 2023ರ ವಿಧಾನಸಭೆ ಚುನಾವಣೆಗೆ ಮುಂಚೆ ಕಲಬುರಗಿ ಜಿಲ್ಲೆಯ ಆಳಂದ ಕ್ಷೇತ್ರದಲ್ಲಿ ಹೆಸರು ತೆಗೆಯಲು ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಮನೆಮನೆಗೆ ಹೋಗಿ ಪರಿಶೀಲಿಸಿದಾಗ ಸರಿಯಾದವು 24 ಮಾತ್ರ. ಇದರ ಬಗ್ಗೆ ಪೊಲೀಸ್ ಕೇಸೂ ಆಯಿತು. ಬರೀ ಒಂದು ಮೊಬೈಲ್ ನಂಬರ್ ಇದ್ದರೆ ಇನ್ನೊಬ್ಬರ ಹೆಸರಿನಲ್ಲಿ ಅರ್ಜಿ ಹಾಕಬಹುದು ಎನ್ನುವ ಸ್ಥಿತಿ ಇತ್ತು. ಇ-ಸೈನ್ ಬಂದ ಮೇಲೆ ಹಾಗೆ ಮಾಡುವುದು ಕಷ್ಟ.

ಆದ್ದರಿಂದಲೇ ಹೆಸರು ಆಧಾರ್‌ನಲ್ಲಿ ಇದ್ದ ಹಾಗೇ ಇರಬೇಕು, ಮೊಬೈಲ್ ಆಧಾರ್‌ಗೆ ಜೋಡಣೆ ಆಗಿರಬೇಕು. ಹಾಗಿಲ್ಲದವರು ಚಿಂತೆ ಮಾಡುವುದು ಬೇಡ. ಕಾಗದದ ಫಾರ್ಮ್ ತುಂಬಿ ನಿಮ್ಮ ಬೂತ್‌ನ ಅಧಿಕಾರಿ, ಅಂದರೆ ಬಿಎಲ್ಒ ಕೈಗೆ ಕೊಡಬಹುದು.

## ಸಲ್ಲಿಸಿದ ಮೇಲೆ ಏನಾಗುತ್ತದೆ

ಬಿಎಲ್ಒ ಎಂದರೆ ಮತಗಟ್ಟೆ ಮಟ್ಟದ ಅಧಿಕಾರಿ. ಹೆಚ್ಚಾಗಿ ನಿಮ್ಮ ಊರಿನ ಅಂಗನವಾಡಿ ಕಾರ್ಯಕರ್ತೆ ಅಥವಾ ಸರಕಾರಿ ಶಾಲೆಯ ಟೀಚರ್ ಆಗಿರುತ್ತಾರೆ. ಅರ್ಜಿ ಮೊದಲು ಅವರಿಗೆ ಹೋಗುತ್ತದೆ. ಅವರು ಮನೆಗೆ ಬಂದು ಅಥವಾ ವಿಚಾರಿಸಿ, ಈ ವ್ಯಕ್ತಿ ಇಲ್ಲಿ ಇದ್ದಾರಾ ಎಂದು ನೋಡಿ ವರದಿ ಕೊಡುತ್ತಾರೆ. ಬಂದ ಅರ್ಜಿಗಳ ಪಟ್ಟಿಯನ್ನು ಪ್ರಕಟಿಸಿ ಆಕ್ಷೇಪಕ್ಕೆ ಏಳು ದಿನ ಬಿಡುತ್ತಾರೆ. ಆಮೇಲೆ ತೀರ್ಮಾನ ಮತದಾರರ ನೋಂದಣಾಧಿಕಾರಿಯದ್ದು.

ಅಂದರೆ ಆನ್‌ಲೈನ್‌ನಲ್ಲಿ ಸಲ್ಲಿಸಿದ ಕೂಡಲೇ ಹೆಸರು ಸೇರಿತು ಎಂದಲ್ಲ. ಅದು ಅರ್ಜಿ ಕೊಡುವ ದಾರಿ ಅಷ್ಟೇ. ನಮ್ಮ ಹುಡುಗಿಯ ವಿಷಯದಲ್ಲಿ ಬಿಎಲ್ಒ ಬಂದಾಗ ಅವಳು ಕಾಲೇಜಿನಲ್ಲಿದ್ದಳು. ಅಜ್ಜಿ ಬಾಗಿಲಲ್ಲೇ ನಿಂತು "ಹೌದು, ನಮ್ಮ ಮಗುವೇ" ಅಂದರು, ಕುಡಿಯಲು ನೀರು ಬೆಲ್ಲ ಕೊಟ್ಟರು, ಕೆಲಸ ಮುಗಿಯಿತು. ಮನೆಯವರೆಲ್ಲ ಕೆಲಸಕ್ಕೆ ಹೋಗುವ ಫ್ಲ್ಯಾಟ್ ಆಗಿದ್ದರೆ ಕೆಳಗಿನ ವಾಚ್‌ಮನ್‌ಗೋ ಪಕ್ಕದವರಿಗೋ ಹೇಳಿ ಇಡಿ. ಗೊತ್ತಿಲ್ಲದ ನಂಬರಿನಿಂದ ಕರೆ ಬಂದರೆ ಆ ದಿನಗಳಲ್ಲಿ ತೆಗೆಯಿರಿ, ಅದು ಅವರದ್ದಾಗಿರಬಹುದು. ಆದರೆ ಫೋನಿನಲ್ಲಿ ಒಟಿಪಿ ಕೇಳಿದರೆ ಮಾತ್ರ ಕೊಡಬೇಡಿ.

ಹೆಸರು ಸೇರಿದ ಮೇಲೆ ಕಾರ್ಡ್ ಅಂಚೆಯಲ್ಲಿ ಮನೆಗೆ ಬರುತ್ತದೆ. ಕಾರ್ಡಿನ ಡಿಜಿಟಲ್ ಪ್ರತಿಯಾದ ಇ-ಎಪಿಕ್ ಅನ್ನು ಮೊಬೈಲ್‌ಗೆ ಇಳಿಸಿಕೊಳ್ಳಲೂಬಹುದು.

ಅರ್ಜಿ ತಿರಸ್ಕಾರ ಆದರೆ ಸುಮ್ನೆ ಕೂರಬೇಡಿ. 15 ದಿನದೊಳಗೆ ಜಿಲ್ಲಾಧಿಕಾರಿಗೆ ಮೇಲ್ಮನವಿ ಕೊಡಬಹುದು. ಅಲ್ಲೂ ಸರಿಯಾಗದಿದ್ದರೆ 30 ದಿನದೊಳಗೆ ರಾಜ್ಯದ ಮುಖ್ಯ ಚುನಾವಣಾಧಿಕಾರಿಗೆ. ಕಾರಣ ಬರೀ ಮಸುಕಾದ ದಾಖಲೆಯಾಗಿದ್ದರೆ ಸರಿಯಾದ ದಾಖಲೆ ಇಟ್ಟು ಹೊಸ ಅರ್ಜಿ ಹಾಕುವುದೇ ಬೇಗ ಆಗುವ ದಾರಿ.

## ಬಾಗಿಲು ಯಾವಾಗ ಮುಚ್ಚುತ್ತದೆ?

ವರ್ಷವಿಡೀ ಅರ್ಜಿ ಹಾಕಬಹುದು. ಆದರೆ ಚುನಾವಣೆ ಘೋಷಣೆ ಆದ ಮೇಲೆ, ನಾಮಪತ್ರ ಸಲ್ಲಿಸುವ ಕೊನೆಯ ದಿನ ದಾಟಿದರೆ ಆ ಚುನಾವಣೆಗೆ ಹೆಸರು ಸೇರಿಸಲು ಆಗುವುದಿಲ್ಲ. ಪರಿಶೀಲನೆ, ಆಕ್ಷೇಪಕ್ಕೆ ಏಳು ದಿನ ಎಲ್ಲ ಇರುವುದರಿಂದ ಅದಕ್ಕೂ ಸುಮಾರು ಹತ್ತು ದಿನ ಮುಂಚೆ ಅರ್ಜಿ ಹೋಗಿರಬೇಕು. 2024ರಲ್ಲಿ ನಮ್ಮಲ್ಲಿ ಮತದಾನ ಏಪ್ರಿಲ್ 26ಕ್ಕೆ ಇತ್ತು, ನಾಮಪತ್ರದ ಕೊನೆಯ ದಿನ ಏಪ್ರಿಲ್ 4. ಲೆಕ್ಕ ಹಾಕಿದರೆ ಮಾರ್ಚ್ ಕೊನೆಯಲ್ಲೇ ಅರ್ಜಿ ಸಲ್ಲಿಸಿರಬೇಕಿತ್ತು. ಮತದಾನಕ್ಕೆ ವಾರ ಇರುವಾಗ ಎಚ್ಚರವಾದವರಿಗೆ ಏನೂ ಮಾಡಲಾಗಲಿಲ್ಲ.

ಪಂಚಾಯತ್, ನಗರಸಭೆ, ಮಹಾನಗರ ಪಾಲಿಕೆ ಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಅದಕ್ಕೂ ಆಧಾರ ಇದೇ ವಿಧಾನಸಭಾ ಪಟ್ಟಿ. ಇಲ್ಲಿ ಹೆಸರು ಸರಿ ಇಲ್ಲದಿದ್ದರೆ ಅಲ್ಲೂ ತೊಂದರೆ. ವಿಧಾನ ಪರಿಷತ್ತಿನ ನೈಋತ್ಯ ಪದವೀಧರ ಮತ್ತು ಶಿಕ್ಷಕರ ಕ್ಷೇತ್ರದ ಪಟ್ಟಿ ಮಾತ್ರ ಪೂರ್ತಿ ಬೇರೆ, ಪ್ರತಿ ಸಲ ಹೊಸದಾಗಿ ಮಾಡುತ್ತಾರೆ. ಪದವೀಧರರಿಗೆ ನಮೂನೆ 18, ಶಿಕ್ಷಕರಿಗೆ 19. ಹೋದ ಸಲ ಕೊಟ್ಟಿದ್ದೇನೆ ಎಂದು ಬಿಟ್ಟರೆ ಹೆಸರು ಇರುವುದಿಲ್ಲ.

## ಹೆಸರು ಇದೆಯಾ ಎಂದು ನೋಡುವುದು

ಆಯೋಗದ ಜಾಲತಾಣದಲ್ಲಿ ಮೂರು ರೀತಿ ಹುಡುಕಬಹುದು: ಎಪಿಕ್ ಸಂಖ್ಯೆಯಿಂದ, ಹೆಸರು ಮತ್ತು ವಿವರದಿಂದ, ಮೊಬೈಲ್ ನಂಬರಿನಿಂದ. ಹೆಸರಿನಿಂದ ಹುಡುಕಿದರೆ ಒಂದು ಅಕ್ಷರ ಬೇರೆ ಇದ್ದರೂ ಸಿಗದೇ ಹೋಗಬಹುದು, ಆಗ ಹೆಸರೇ ಇಲ್ಲ ಎಂದು ಗಾಬರಿ ಆಗುತ್ತದೆ. ಎಪಿಕ್ ಸಂಖ್ಯೆ ಹಾಕಿ ನೋಡಿ. ಮೂರು ಇಂಗ್ಲಿಷ್ ಅಕ್ಷರ, ಏಳು ಅಂಕಿ. ಇಂಟರ್ನೆಟ್ ಬೇಡದವರು 1950ಕ್ಕೆ ಕರೆ ಮಾಡಬಹುದು.

ಪಕ್ಕದ ಮನೆಯ ಅಕ್ಕ ಆ ಚುನಾವಣೆ ಮುಗಿದ ಮೇಲೆ ನಮೂನೆ 8 ತುಂಬಿದರು. ಈಗ ಅವರ ಹೆಸರು ನಮ್ಮದೇ ಭಾಗದಲ್ಲಿದೆ, ನನ್ನ ಹೆಸರಿಗಿಂತ ಒಂದು ಪುಟ ಮುಂದೆ. ಎಪಿಕ್ ಸಂಖ್ಯೆ ಹಳೆಯದೇ.